ಶಿಶುಗಳ ಹಿತಬಂಧು ಎಡ್ವರ್ಡ್ ಜೆನ್ನರ್

ನಮ್ಮ ಶಾಲೆಯಲ್ಲಿ ಕಲಿತು ಹೋದ ಭಗಿನಿಯರಲ್ಲಿ ಐವತ್ತು ವರುಷ ದಾಟಿದವರು ಅನೇಕರಿರುವರು. ಅವರ ತೋಳನ್ನು ನೋಡಿದರೆ ಒಂದೆರಡು ದುಂಡಗಿನ ಕಲೆಗಳು ಕಾಣುವವು. ಅವು ಬಾಲ್ಯದಲ್ಲಿ ದೇವಿ ಹಾಕಿಸಿಕೊಂಡ ಗುರುತುಗಳು. ಅವರ ಮೊಮ್ಮಕ್ಕಳ ತೋಳಿನ ಮೇಲೆ ಕ್ಷಯರೋಗದ ಲಸಿಕೆಯ ಸಣ್ಣ ಕಲೆಯಿದ್ದೀತು. ದೇವಿಯ ಕಲೆಯು ಮಾತ್ರ ಇರಲಾರದು. ಆ ಬೇನೆಯೇ ಈಗ ಭೂಮಂಡಲದಲ್ಲಿ ಉಳಿದಿಲ್ಲವಾದುದರಿಂದ ಆ ಗುರುತಿನ ಅವಶ್ಯಕತೆಯೂ ಇಲ್ಲದಂತಾಗಿದೆ. ಈ ಮಹದುಪಕಾರಕ್ಕೆ ಮೂಲಪುರುಷನಾದ ಎಡ್ವರ್ಡ್ ಜೆನ್ನರನ ಚರಿತ್ರೆಯನ್ನು ವಾಚಕರ ಮುಂದಿಡುವದು ಉಚಿತವೆಂದು ತೋರಿದ್ದರಿಂದ ಈ ಅಲ್ಪ ಪ್ರಯತ್ನವನ್ನು ಮಾಡಿದೆ. ತೊಟ್ಟಿಲ ಕೂಸಿನ ರಕ್ಷಣೆಯು ತಾಯಿಯಾಗುವವಳ ರಕ್ಷಣೆಯಿಂದಲೇ ಮೊದಲಾಗಬೇಕೆಂಬುದನ್ನು ಆತನ ಚರಿತ್ರೆಯಿಂದಲೂ ಆತನ ತರುವಾಯದ ವೃತ್ತಾಂತದಿಂದಲೂ ನಾವು ಕಲಿಯಬಹುದು.

ಮೊದಲು ಆ ಬೇನೆಯ ಸ್ವರೂಪವನ್ನು ಸ್ವಲ್ಪ ಅರಿತುಕೊಳ್ಳುವದು ಅವಶ್ಯ. ಸಿಡುಬು, ಮೈಲಿ, ದೇವಿಬೇನೆ ಎಂದು ನಮ್ಮ ಜನರು ಕರೆಯುತ್ತಿದ್ದ ಈ ರೋಗವು ಮೈಮೇಲೆ ಗುಳ್ಳೆಗಳಾಗಿ ತೋರುತ್ತಿದ್ದರೂ ಅದರ ವಿಷಾಣುವು ಮುಖ್ಯವಾಗಿ ಉಸಿರಿನ ಹಾದಿಯಿಂದಲೇ ದೇಹವನ್ನು ಹೊಗುತ್ತಿದ್ದಿತು. ರೋಗಿಯ ಬಾಯಿ ಗಂಟಲುಗಳಿಂದ ಹೊರಟ ಸೂಕ್ಷ್ಮವಾದ ತುಂತುರು ಹತ್ತಿರ ಕುಳಿತವರ ಮೂಗು ಗಂಟಲುಗಳನ್ನು ಸೇರುವದು; ಹತ್ತು ಹನ್ನೆರಡು ದಿವಸ ಏನೂ ತೋರದೆ ಇದ್ದು, ಆಮೇಲೆ ಜ್ವರವೂ ಗುಳ್ಳೆಗಳೂ ಏಳುವವು. ಆದಕಾರಣ ರೋಗಿಯ ಸೇವೆ ಮಾಡುವ ತಾಯಂದಿರಿಗೂ ಅಕ್ಕತಂಗಿಯರಿಗೂ ಅದು ಬೇಗನೆ ತಗಲುತ್ತಿದ್ದಿತು. ಹತ್ತು ಜನರಿಗೆ ಬಂದರೆ ಸುಮಾರು ಮೂವರು ಸಾಯುವರು. ಉಳಿದವರಲ್ಲಿ ಹಲವರ ಮೋರೆ ಕಲೆಗಟ್ಟುವದು, ಕೆಲವರ ಕಣ್ಣೇ ಹೋಗುವದು. ಎಳೆಗೂಸುಗಳಿಗೂ ಗರ್ಭಿಣಿಯರಿಗೂ ಅದು ಬೇರೆಯವರಿಗಿಂತ ಕ್ರೂರವಾಗಿದ್ದಿತು. ಗರ್ಭಿಣಿಗೆ ಬಂದರೆ ರಕ್ತಸ್ರಾವದ ಘೋರರೂಪವನ್ನು ತಾಳುವ ಸಂಭವವು ಹೆಚ್ಚು. ಗರ್ಭಪಾತವೂ ಅಕಾಲ ಪ್ರಸವವೂ ಸಾಮಾನ್ಯ. ಹದಿನೆಂಟನೆಯ ಶತಮಾನದಲ್ಲಿ ಯುರೋಪ ಖಂಡವೊಂದರಲ್ಲಿಯೇ ವರುಷಕ್ಕೆ ಸುಮಾರು 4 ಲಕ್ಷ ಜನರು ಇದಕ್ಕೆ ಆಹುತಿಯಾಗುತ್ತಿದ್ದರೆಂದು ಬಲ್ಲವರು ಅಂದಾಜು ಮಾಡಿರುವರು.

ಇಂಗ್ಲಂಡ ದೇಶದ ಗ್ಲಾಸ್ಟರ್‌ಶಾಯರ್ ಪ್ರಾಂತದಲ್ಲಿ ಬಾರ್ಕ್ಲಿ ಎಂಬ ಚಿಕ್ಕ ಊರುಂಟು. ಸುತ್ತಲೂ ಹುಲ್ಲುಗಾವಲು, ಜನರ ಮುಖ್ಯ ಉದ್ಯೋಗವು ಹೈನುಗಾರಿಕೆ. ಈ ಊರಿನಲ್ಲಿ 1749ನೆಯ ಇಸವಿಯ ಮೇ 17ನೆಯ ದಿವಸ ಎಡ್ವರ್ಡನು ಹುಟ್ಟಿದನು. ತಂದೆಯಾದ ಸ್ಟೀಫನ್ ಜೆನ್ನರನು ಅಲ್ಲಿಯ ಸಭಾಪಾಲಕನಾಗಿದ್ದನು. ಒಂಬತ್ತು ಮಕ್ಕಳಲ್ಲಿ ಎಡ್ವರ್ಡನು ಎಂಟನೆಯವನು. ಆತನಿಗೆ ಐದು ವರುಷವಾಗಿದ್ದಾಗ, 1754ರಲ್ಲಿ, ತಾಯಿ ತಂದೆಗಳಿಬ್ಬರೂ ಅಲ್ಪ ಕಾಲದ ಅಂತರದಲ್ಲಿ ತೀರಿಕೊಂಡರು. ಅಣ್ಣ ಅಕ್ಕಂದಿರು ಆತನನ್ನು ಸಾಕಿ ಬೆಳೆಸಿದರು.

ಆ ಕಾಲದಲ್ಲಿ ಸಿಡುಬನ್ನು ತಡೆಯಲಿಕ್ಕೆ ಒಂದೇ ಉಪಾಯವಿದ್ದಿತು. ಅದೇನೆಂದರೆ, ಬೇನೆಯು ಸೌಮ್ಯವಾಗಿ ಬಂದವರ ಗುಳ್ಳೆಯಿಂದ ಕೀವನ್ನು ತೆಗೆದು ಆರೋಗ್ಯವಂತರ ಚರ್ಮವನ್ನು ಗೀರಿ ಹಚ್ಚುವದು. ಈ ಪದ್ಧತಿಯು ನಮ್ಮ ಭರತಖಂಡದಲ್ಲಿಯೂ ತುರ್ಕಸ್ಥಾನದಲ್ಲಿಯೂ ಮೊದಲಿನಿಂದ ನಡೆದಿದ್ದಿತು. 1721ರಲ್ಲಿ ಮೇರಿ ವರ್ಟ್ಲಿ ಮಾಂಟೆಗ್ಯು ಎಂಬ ಕುಲೀನ ಸ್ತ್ರೀಯು ಲಂಡನ್ ಪಟ್ಟಣದಲ್ಲಿ ತನ್ನ ಮಗಳಿಗೆ ಇದನ್ನು ಮಾಡಿಸಿ ಇಂಗ್ಲಂಡದವರಿಗೆ ಮಾದರಿಯಾದಳು. ಈ ಉಪಾಯದಿಂದ ಅನೇಕರು ಉಳಿದರೆಂಬುದು ನಿಜ. ಆದರೆ ಅದರಲ್ಲಿ ಎರಡು ದೋಷಗಳಿದ್ದವು. ನೂರರಲ್ಲಿ ಒಬ್ಬಿಬ್ಬರು ಅದರಿಂದಲೇ ಸಾಯುತ್ತಿದ್ದರು. ಮತ್ತು ಹಾಕಿಸಿಕೊಂಡವರಿಂದ ನಿಜವಾದ ಸಿಡುಬು ನೆರೆಮನೆಯ ಬಸುರಿಗೂ ಬಾಣಂತಿಗೂ ಹಬ್ಬುವ ಭಯವಿದ್ದಿತು. ಎಡ್ವರ್ಡನಿಗೆ ಎಂಟನೆಯ ವರುಷದಲ್ಲಿ ಈ ಉಪಚಾರವಾಯಿತು. ವಾರಗಟ್ಟಲೆ ಅವನನ್ನು ಉಪವಾಸವಿಟ್ಟು, ರಕ್ತ ತೆಗೆದು, ಬೇರೆ ಹುಡುಗರೊಡನೆ ಕುದುರೆಯ ಲಾಯದಲ್ಲಿ ಕೂಡಿಹಾಕಿದ್ದರು. ಬದುಕಿ ಬಂದನಾದರೂ ಆ ಸಂಕಟವು ಆತನ ಮನಸ್ಸಿನಿಂದ ಮಾಸಲಿಲ್ಲ. ಮಕ್ಕಳನ್ನು ಇಷ್ಟು ಬಾಧಿಸದೆ ಕಾಪಾಡುವ ದಾರಿಯೊಂದಿರಬಾರದೇ ಎಂಬ ಯೋಚನೆಗೆ ಅದೇ ಬೀಜವಾಯಿತೆಂದು ನಾವು ಊಹಿಸಬಹುದು.

ಹದಿಮೂರು ಹದಿನಾಲ್ಕನೆಯ ವಯಸ್ಸಿನಲ್ಲಿ ಜೆನ್ನರನು ಚಿಪಿಂಗ್ ಸಾಡ್ಬರಿ ಎಂಬ ಊರಿನ ಡೇನಿಯಲ್ ಲಡ್ಲೋ ಎಂಬ ಶಸ್ತ್ರವೈದ್ಯನ ಬಳಿ ಶಿಷ್ಯನಾಗಿ ಸೇರಿದನು. ಆ ಹೈನುಗಾರ ಜನರಲ್ಲಿ ಒಂದು ನಂಬಿಕೆಯಿದ್ದಿತು. ಆಕಳ ಕೆಚ್ಚಲಿನ ಮೇಲೆ ಒಂದು ಬಗೆಯ ಸೌಮ್ಯವಾದ ಗುಳ್ಳೆಗಳೇಳುವವು. ಹಾಲು ಕರೆಯುವ ಹೆಂಗಸರ ಕೈಗೆ ಅವು ತಗಲಿದರೆ ಕೆಲವು ದಿನ ಹುಣ್ಣಾಗಿ ಮಾಯುವವು. ಆಮೇಲೆ ಅವರಿಗೆ ಸಿಡುಬು ಬರುವದಿಲ್ಲ. ಪಂಡಿತರು ಈ ಮಾತನ್ನು ಹಳ್ಳಿಗರ ಹರಟೆಯೆಂದು ತಳ್ಳಿಹಾಕುತ್ತಿದ್ದರು. 1774ರಲ್ಲಿ ಡಾರ್ಸೆಟ್ ಪ್ರಾಂತದ ಬೆಂಜಮಿನ್ ಜೆಸ್ಟಿ ಎಂಬ ಒಕ್ಕಲಿಗನು ಇದನ್ನು ನಂಬಿ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಆಕಳ ಸಿಡುಬನ್ನು ಹಚ್ಚಿದ್ದನು. ಆದರೆ ಅದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ಲೋಕಕ್ಕೆ ಸಾರುವ ಕೆಲಸವು ಜೆನ್ನರನ ಪಾಲಿಗೆ ಬಂದಿತು.

1770ರಲ್ಲಿ ಆತನು ಲಂಡನ್ನಿಗೆ ಹೋಗಿ ಸೇಂಟ್ ಜಾರ್ಜ್ ಆಸ್ಪತ್ರೆಯ ಪ್ರಖ್ಯಾತ ಶಸ್ತ್ರವೈದ್ಯನಾದ ಜಾನ್ ಹಂಟರನ ಶಿಷ್ಯನಾದನು. ಬರಿಯ ತರ್ಕದಿಂದ ತೃಪ್ತನಾಗದೆ ಪ್ರತಿಯೊಂದನ್ನೂ ಪ್ರಯೋಗದಿಂದ ತಿಳಿಯಬೇಕೆಂಬ ಶಿಕ್ಷಣವು ಆತನಿಗೆ ಈ ಗುರುವಿನಿಂದ ದೊರೆಯಿತು. ರಾಜಧಾನಿಯಲ್ಲಿ ದೊಡ್ಡ ಹೆಸರು ಗಳಿಸುವ ಅವಕಾಶವಿದ್ದರೂ ಆತನು ಅದನ್ನು ಬಿಟ್ಟು ತನ್ನ ಊರಿಗೆ ಮರಳಿ ಹಳ್ಳಿಯ ವೈದ್ಯನಾದನು. ಕೋಗಿಲೆಯ ಜಾತಿಯ ಒಂದು ಹಕ್ಕಿಯ ಮರಿಯು ಪರರ ಗೂಡಿನಲ್ಲಿ ಹುಟ್ಟಿ, ಆ ಗೂಡಿನ ಮೊಟ್ಟೆ ಮರಿಗಳನ್ನು ತನ್ನ ಬೆನ್ನಿನಿಂದ ಹೊರಗೆ ತಳ್ಳುವದೆಂಬುದನ್ನು ಕಣ್ಣಾರೆ ಕಂಡು ಲೇಖನ ಬರೆದು, 1789ರಲ್ಲಿ ರಾಯಲ್ ಸೊಸಾಯಿಟಿಯ ಸದಸ್ಯನಾಗಿ ಚುನಾಯಿತನಾದನು. ಇದಕ್ಕೆ ಒಂದು ವರುಷ ಮೊದಲು ಕ್ಯಾಥರೀನ್ ಕಿಂಗ್ಸ್‌ಕೋಟ್ ಎಂಬ ಕನ್ಯೆಯೊಡನೆ ಆತನ ವಿವಾಹವಾಯಿತು. 1789ರಲ್ಲಿ ಅವರಿಗೆ ಚೊಚ್ಚಲ ಗಂಡುಮಗು ಹುಟ್ಟಿತು. ಅದಕ್ಕೆ ಎಡ್ವರ್ಡನೆಂದೇ ಹೆಸರಿಟ್ಟರು. ವರುಷ ತುಂಬುವದರೊಳಗೆ ಜೆನ್ನರನು ಆ ಕೂಸಿಗೆ ಹಂದಿಗಳಿಂದ ಬರುವದೆಂದು ಜನರು ಹೇಳುತ್ತಿದ್ದ ಒಂದು ಸೌಮ್ಯ ಸಿಡುಬನ್ನು ಹಚ್ಚಿ ಪರೀಕ್ಷಿಸಿದನು. ಊರವರ ಮಕ್ಕಳಿಗಿಂತ ಮೊದಲು ತನ್ನ ಕೂಸಿನ ಮೇಲೆ ಆ ಹೊಣೆಯನ್ನು ಹೊತ್ತನೆಂಬುದನ್ನು ವಾಚಕರು ಮರೆಯಬಾರದು.

1796ನೆಯ ಇಸವಿಯ ಮೇ 14ನೆಯ ದಿವಸವು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಸ್ಮರಣೀಯವಾದದ್ದು. ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ತರುಣಿಯ ಕೈಗೆ ಬ್ಲಾಸಮ್ ಎಂಬ ಆಕಳಿನಿಂದ ಗುಳ್ಳೆಗಳು ತಗಲಿದ್ದವು. ಜೆನ್ನರನು ಅವುಗಳ ರಸವನ್ನು ತೆಗೆದು, ತನ್ನ ತೋಟದ ಮಾಲಿಯ ಮಗನಾದ ಎಂಟು ವರುಷದ ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳನ್ನು ಗೀರಿ ಹಚ್ಚಿದನು. ಹುಡುಗನಿಗೆ ತುಸು ಜ್ವರ ಬಂದು ಹೋಯಿತು. ಜುಲೈ 1ನೆಯ ದಿವಸ ಆತನಿಗೆ ನಿಜವಾದ ಸಿಡುಬಿನ ಕೀವನ್ನೇ ಹಚ್ಚಿ ನೋಡಲಾಗಿ, ಬೇನೆಯು ಏಳಲಿಲ್ಲ. ಈಗಿನ ಕಾಲದ ನೀತಿನಿಯಮಗಳು ಒಬ್ಬ ಬಾಲಕನ ಮೇಲೆ ಇಂಥ ಪರೀಕ್ಷೆಯನ್ನು ಎಂದಿಗೂ ಒಪ್ಪಲಾರವು. ಆದರೆ ಆ ಕಾಲದಲ್ಲಿ ಸಿಡುಬಿನ ಕೀವು ಹಚ್ಚುವದು ಮನೆಮನೆಯ ರೂಢಿಯಾಗಿದ್ದಿತೆಂಬುದನ್ನೂ ನೆನೆಯತಕ್ಕದ್ದು. ಜೆನ್ನರನು ಈ ಹುಡುಗನನ್ನು ಮರೆಯಲಿಲ್ಲ. ಮುಂದೆ ಅವನ ವಾಸಕ್ಕೆ ಒಂದು ಮನೆಯನ್ನು ಕೊಟ್ಟನು.

ಜೆನ್ನರನು ಈ ಸಂಗತಿಯನ್ನು ಬರೆದು ರಾಯಲ್ ಸೊಸಾಯಿಟಿಗೆ ಒಪ್ಪಿಸಲು, ಪ್ರಮಾಣಗಳು ಸಾಲವೆಂದು ಅದನ್ನು ಹಿಂದಿರುಗಿಸಿದರು. ಆತನು ಎದೆಗುಂದದೆ ಮತ್ತಷ್ಟು ದೃಷ್ಟಾಂತಗಳನ್ನು ಕೂಡಿಸಿ, 23 ಪ್ರಸಂಗಗಳುಳ್ಳ ಪುಸ್ತಕವನ್ನು 1798ರಲ್ಲಿ ತನ್ನ ಖರ್ಚಿನಿಂದಲೇ ಅಚ್ಚು ಹಾಕಿಸಿದನು. ಆ ವರುಷ ಆತನು ಆಕಳ ಸಿಡುಬನ್ನು ಹಚ್ಚಿದ ಮಕ್ಕಳಲ್ಲಿ ಹನ್ನೊಂದು ತಿಂಗಳಿನ ಆತನ ಮಗನಾದ ರಾಬರ್ಟನೂ ಒಬ್ಬನು. ಆ ಕೂಸಿಗೆ ಲಸಿಕೆಯು ಹತ್ತಲಿಲ್ಲವೆಂಬುದನ್ನೂ ಆತನು ಮುಚ್ಚದೆ ಬರೆದಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆಕಳಿಗಿರುವ ವ್ಯಾಕಾ ಎಂಬ ಹೆಸರಿನಿಂದಲೇ ವ್ಯಾಕ್ಸಿನ್ ಎಂಬ ಶಬ್ದವು ಹುಟ್ಟಿತು.

ಹೊಸ ಮಾತಿಗೆ ವಿರೋಧವಿಲ್ಲದೆ ಇರಲಿಲ್ಲ. ಲಸಿಕೆ ಹಾಕಿಸಿಕೊಂಡವರ ಮೈಯಿಂದ ಆಕಳುಗಳು ಮೊಳೆಯುವಂತೆ 1802ರಲ್ಲಿ ವ್ಯಂಗ್ಯಚಿತ್ರ ಬರೆದು ನಕ್ಕರು. ಆದರೆ ಸಿಡುಬಿನ ಭಯವು ನಗೆಗಿಂತ ದೊಡ್ಡದಾಗಿದ್ದಿತು. ಜೆನ್ನರನು ತನ್ನ ತೋಟದ ಗುಡಿಸಲೊಂದರಲ್ಲಿ ಬಡವರ ಮಕ್ಕಳಿಗೆ ಧರ್ಮಾರ್ಥವಾಗಿ ಲಸಿಕೆ ಹಾಕಹತ್ತಿದನು. ಗುಪ್ತವಾಗಿಟ್ಟು ಹಣ ಗಳಿಸಬಹುದಾಗಿದ್ದ ವಿದ್ಯೆಯನ್ನು ಕೇಳಿದವರೆಲ್ಲರಿಗೂ ಕಲಿಸಿದನು. ದೂರದೇಶಗಳ ವೈದ್ಯರಿಗೆ ಲಸಿಕೆಯನ್ನು ಕಳಿಸುತ್ತ, ಕಾಗದಗಳಿಗೆ ಉತ್ತರ ಬರೆಯುತ್ತ ತನ್ನ ವೃತ್ತಿಯನ್ನೇ ಹಿಂದೆ ಹಾಕಿದನು. ಇದನ್ನರಿತು ಪಾರ್ಲಿಮೆಂಟು 1802ರಲ್ಲಿ 10,000 ಪೌಂಡುಗಳನ್ನೂ 1807ರಲ್ಲಿ 20,000 ಪೌಂಡುಗಳನ್ನೂ ಆತನಿಗೆ ಕೊಡಮಾಡಿತು. ಸ್ಪೇನ ದೇಶದ ಅರಸನು 1803ರಲ್ಲಿ ಒಂದು ಹಡಗನ್ನು ಅಮೆರಿಕಕ್ಕೆ ಕಳಿಸಿದನು. ಬಹುದಿನದ ಪಯಣದಲ್ಲಿ ಲಸಿಕೆಯು ಒಣಗಿ ಕೆಡಬಾರದೆಂದು ಅದರಲ್ಲಿ 22 ಮಂದಿ ಅನಾಥ ಬಾಲಕರನ್ನು ಕರೆದೊಯ್ದು, ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ಹಚ್ಚುತ್ತ ಅದನ್ನು ಜೀವಂತವಾಗಿಟ್ಟರು. ಆ ಬಾಲಕರ ತಾಯಿಯಂತೆ ನಿಂತು ನೋಡಿಕೊಂಡವಳು ಇಸಾಬೆಲ್ ಸೆಂಡಾಲ್ ಎಂಬ ಸ್ತ್ರೀ.

ನಮ್ಮ ದೇಶಕ್ಕೂ ಈ ರಕ್ಷಣೆಯು ಬಂದದ್ದು ಕೂಸಿನ ತೋಳಿನ ಮೇಲೆಯೇ. ಹಡಗುಗಳಲ್ಲಿ ಕಳಿಸಿದ ಲಸಿಕೆಯು ದಾರಿಯಲ್ಲಿಯೇ ಸತ್ತುಹೋಗುತ್ತಿದ್ದಿತು. ಕಡೆಗೆ ಅದು ಬಗದಾದ, ಬಸ್ರಾಗಳ ದಾರಿಯಿಂದ ಮುಂಬಯಿಯನ್ನು ಮುಟ್ಟಿತು. 1802ನೆಯ ಇಸವಿಯ ಜೂನ್ 14ನೆಯ ದಿವಸ ಅಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರುಷದ ಬಾಲಿಕೆಗೆ ಹಾಕಲಾಗಿ ಲಸಿಕೆಯು ಹತ್ತಿತು. ಭರತಖಂಡದಲ್ಲಿ ಯಶಸ್ವಿಯಾಗಿ ಲಸಿಕೆ ಹಾಕಿಸಿಕೊಂಡವರಲ್ಲಿ ಈ ಬಾಲಿಕೆಯೇ ಮೊದಲಿಗಳು. ಅವಳ ತೋಳಿನಿಂದ ತೆಗೆದ ರಸವೇ ತೋಳಿನಿಂದ ತೋಳಿಗೆ ಸಾಗಿ ಪುಣೆ, ಸುರತ, ಹೈದರಾಬಾದ, ಮದ್ರಾಸುಗಳನ್ನು ಸೇರಿತು.

ಕೆಲವೇ ವರುಷಗಳಲ್ಲಿ ಕನ್ನಡ ನಾಡಿನ ಅರಮನೆಯೊಂದು ಇದಕ್ಕೆ ಬಾಗಿಲು ತೆರೆಯಿತು. ಮೈಸೂರಿನಲ್ಲಿ ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದು, ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನೋಡುತ್ತಿದ್ದರು. ಅರಸರಿಗೆ ವಧುವಾಗಿ ಬಂದ ಬಾಲರಾಣಿ ದೇವಾಜಮ್ಮಣ್ಣಿಯವರಿಗೆ ದೇವಿ ಹಾಕಿಸಲಾಯಿತು. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರ ಸುಮಾರಿನಲ್ಲಿ ಬರೆದ ಒಂದು ಚಿತ್ರದಲ್ಲಿ ಮೂವರು ಸ್ತ್ರೀಯರು ನಿಂತಿರುವರು. ಅವರಲ್ಲಿ ಸೀರೆಯ ಸೆರಗನ್ನು ಸರಿಸಿ ತೋಳಿನ ಕಡೆಗೆ ಕೈದೋರುವವರು ಇದೇ ರಾಣಿಯೆಂದೂ, ಅಂತಃಪುರದವರು ಹಾಕಿಸಿಕೊಂಡುದನ್ನು ಕಂಡು ಪ್ರಜೆಗಳ ಅಂಜಿಕೆ ಹೋಗಲೆಂಬುದೇ ಆ ಚಿತ್ರದ ಉದ್ದೇಶವೆಂದೂ ಇತಿಹಾಸಜ್ಞರು ಅಭಿಪ್ರಾಯಪಟ್ಟಿದ್ದಾರೆ. ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ರಾಣಿಗೆ ರಕ್ಷಣೆ ದೊರೆತದ್ದು ತಾಯಿಯಾಗುವ ಕಾಲಕ್ಕಿಂತ ಮೊದಲು, ಇನ್ನೂ ಬಾಲಿಕೆಯಾಗಿದ್ದಾಗ. ಜೀವಂತ ವಿಷಾಣುವಿನ ಲಸಿಕೆಯಾದುದರಿಂದ, ಬೇನೆಯು ಬಾಗಿಲಿಗೆ ಬಂದ ಹೊರತು ಅದನ್ನು ಬಸುರಿಯರಿಗೆ ಹಾಕಬಾರದೆಂದು ಮುಂದೆ ವೈದ್ಯರು ಗೊತ್ತುಮಾಡಿದರು. ಹೀಗಾಗಿ ಬಾಲ್ಯದಲ್ಲಿ ಹಾಕಿಸಿಕೊಂಡ ಹುಡುಗಿಯೇ ನಿರ್ಭಯಳಾದ ಗರ್ಭಿಣಿಯಾಗಬಲ್ಲವಳಾದಳು.

ಲೋಕದ ಮಕ್ಕಳನ್ನು ಕಾಪಾಡಿದ ಈ ಮಹಾಪುರುಷನ ಮನೆಯನ್ನು ಮತ್ತೊಂದು ಬೇನೆಯು ಹೊಕ್ಕಿತು. ಅದು ಶ್ವಾಸಕೋಶಗಳನ್ನು ತಿನ್ನುವ ಕ್ಷಯರೋಗ. ಯಾವ ಕೂಸಿನ ಮೇಲೆ ಆತನು ಮೊದಲ ಪರೀಕ್ಷೆಯನ್ನು ಮಾಡಿದ್ದನೋ ಆ ಎಡ್ವರ್ಡನೇ 1810ರ ಜನವರಿಯಲ್ಲಿ 21 ವರುಷದವನಾಗಿ ಈ ರೋಗದಿಂದ ಮಡಿದನು. ತಂದೆಯ ದುಃಖವು ಮೇರೆ ಮೀರಿತು. ಬಹುದಿನ ಆತನಿಗೆ ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲಲಿಲ್ಲ. 1815ರಲ್ಲಿ ಪತ್ನಿ ಕ್ಯಾಥರೀನಳೂ ಇದೇ ರೋಗಕ್ಕೆ ತುತ್ತಾದಳು. ಒಂದು ಬೇನೆಯ ಬಾಗಿಲನ್ನು ಮುಚ್ಚಿದರೆ ಮತ್ತೊಂದರ ಬಾಗಿಲು ತಾನಾಗಿ ಮುಚ್ಚುವದಿಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಅಗಳಿ ಬೇಕು. ಕ್ಷಯದ ಕ್ರಿಮಿಯು ಗೊತ್ತಾದದ್ದು 1882ರಲ್ಲಿ. ಅದರ ಲಸಿಕೆಯನ್ನು ಪ್ಯಾರಿಸ್ ಪಟ್ಟಣದಲ್ಲಿ ಒಂದು ಕೂಸಿಗೆ ಮೊದಲು ಕೊಟ್ಟದ್ದು 1921ರಲ್ಲಿ. ಇಂದು ನಮ್ಮ ದವಾಖಾನೆಗಳಲ್ಲಿ ಕೂಸು ಹುಟ್ಟಿದೊಡನೆ ಕೊಡುವ ಬಿ.ಸಿ.ಜಿ. ಅದೇ.

ಇದರ ತರುವಾಯ ಜೆನ್ನರನು ಬಾರ್ಕ್ಲಿಯಲ್ಲಿಯೇ ಏಕಾಂತವಾಗಿದ್ದು, ಬಡವರ ಸೇವೆಯಲ್ಲಿ ಕಾಲ ಕಳೆದನು. 1823ರ ಜನವರಿ 26ನೆಯ ದಿವಸ ಅರ್ಧಾಂಗವಾಯುವಿನಿಂದ ತನ್ನ 73ನೆಯ ವಯಸ್ಸಿನಲ್ಲಿ ದೇಹವನ್ನಿಟ್ಟನು. ತಂದೆಯು ಸೇವೆ ಮಾಡಿದ ದೇವಾಲಯದಲ್ಲಿಯೇ ಆತನ ಸಮಾಧಿಯಿದೆ. ನಮ್ಮ ಸೀಮೆಯವರಿಗೆ ಕಾಲದ ಕಲ್ಪನೆಯಾಗಲೆಂದು ಹೇಳುವದಾದರೆ, ಕಿತ್ತೂರಿನ ರಾಣಿ ಚೆನ್ನಮ್ಮನವರು ಆಂಗ್ಲರ ಸೈನ್ಯವನ್ನು ಸೋಲಿಸಿದ್ದು ಇದರ ಮರುವರುಷ, 1824ರ ಅಕ್ಟೋಬರಿನಲ್ಲಿ.

ಜೆನ್ನರನು ಒಂದು ವಿಷಯದಲ್ಲಿ ತಪ್ಪು ತಿಳಿದಿದ್ದನು. ಒಮ್ಮೆ ಹಾಕಿಸಿಕೊಂಡರೆ ಜೀವಮಾನವೆಲ್ಲ ಸಾಕೆಂದು ಆತನ ನಂಬಿಕೆ. ಕೆಲವು ವರುಷಗಳ ಮೇಲೆ ಮತ್ತೊಮ್ಮೆ ಹಾಕಿಸಬೇಕೆಂಬುದು ಮುಂದೆ ತಿಳಿದುಬಂದಿತು. ತೋಳಿನಿಂದ ತೋಳಿಗೆ ಹಚ್ಚುವದರಿಂದ ಬೇರೆ ರೋಗಗಳು ಹಬ್ಬುವವೆಂದು, ಕರುಗಳ ಚರ್ಮದ ಮೇಲೆ ಲಸಿಕೆಯನ್ನು ಬೆಳೆಸುವ ಪದ್ಧತಿಯು ಬಂದಿತು. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂದು ಜನರು ಕರೆಯುವ ಮರಗಳ ತಾಣವನ್ನು ವಾಚಕರಲ್ಲಿ ಬಹುಮಂದಿ ಕಂಡಿರುವರು. ಮುಂಬಯಿ ಇಲಾಖೆಗೆ ಬೇಕಾದ ದೇವಿಯ ಲಸಿಕೆಯನ್ನು ಸಿದ್ಧಪಡಿಸುತ್ತಿದ್ದ ಸಂಸ್ಥೆಯಿಂದ ಆ ಸ್ಥಳಕ್ಕೆ ಆ ಹೆಸರು ನಿಂತಿತು. ಚಚಡಿ, ಸವದತ್ತಿ, ಬೈಲಹೊಂಗಲ, ರಾಮದುರ್ಗಗಳ ಸೀಮೆಯಲ್ಲಿ ನಮ್ಮ ಅಜ್ಜಿಯಂದಿರ ತೋಳುಗಳನ್ನು ಕಾದ ಲಸಿಕೆಯ ಕಥೆಯನ್ನು ಕೇಳಬೇಕೆಂದರೆ ದೂರದ ಇಂಗ್ಲಂಡಕ್ಕೆ ಹೋಗಬೇಕಾಗಿಲ್ಲ. 1975ರ ಮೇ ತಿಂಗಳಿನ ತರುವಾಯ ಭಾರತದಲ್ಲಿಯೂ, 1977ರ ತರುವಾಯ ಊರುಕೇರಿಗಳಲ್ಲಿ ಲೋಕದ ಯಾವ ಭಾಗದಲ್ಲಿಯೂ ಈ ಬೇನೆಯು ತಾನಾಗಿ ಹಬ್ಬಿಲ್ಲ. 1980ರ ಮೇ 8ರಂದು ಜಗತ್ತಿನ ಆರೋಗ್ಯ ಸಭೆಯು ಸಿಡುಬು ನಿರ್ಮೂಲವಾಯಿತೆಂದು ಸಾರಿತು.

ಆದರೂ ಉಸಿರಿನ ಹಾದಿಯಿಂದ ಬರುವ ಬೇರೆ ವಿಷಾಣುಗಳು ಇನ್ನೂ ಉಳಿದಿವೆ. ಅವೂ ಕೂಸನ್ನೂ ಬಸುರಿಯನ್ನೂ ಹುಡುಕಿ ಬರುವವು. 1918ರ ಇನ್‌ಫ್ಲುಯೆಂಝಾ ಜ್ವರವು ನಮ್ಮ ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಕೊಂದಿತು. ಗರ್ಭಿಣಿಯರಿಗಂತೂ ಅದು ಮೃತ್ಯುವೇ ಆಗಿದ್ದಿತು. 1941ರಲ್ಲಿ ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗನು, ಬಸುರಿಯಲ್ಲಿ ರುಬೆಲ್ಲಾ ಎಂಬ ಸಣ್ಣ ಗಂದೆಯಂಥ ಬೇನೆ ಬಂದ ತಾಯಂದಿರ ಕೂಸುಗಳು ಕಣ್ಣಿನ ಪೊರೆಯೊಡನೆ ಹುಟ್ಟುವದನ್ನು ಕಂಡುಹಿಡಿದನು. ಇದರ ಲಸಿಕೆಯನ್ನು ಬಸುರಿಯಲ್ಲಿ ಕೊಡಬಾರದು, ಮೊದಲೇ ಕೊಟ್ಟಿರಬೇಕು. 2017ರ ಫೆಬ್ರುವರಿಯಲ್ಲಿ ಕರ್ನಾಟಕದ ಶಾಲೆಶಾಲೆಗಳಲ್ಲಿ, 9 ತಿಂಗಳಿನಿಂದ 15 ವರುಷದೊಳಗಿನವರಿಗೆ ದಡಾರ-ರುಬೆಲ್ಲಾ ಲಸಿಕೆಯನ್ನು ಹಾಕಿದ್ದು ಇದೇ ಕಾರಣಕ್ಕೆ. ಅಂದು ಸಾಲಿನಲ್ಲಿ ನಿಂತು ಕಣ್ಣು ಮುಚ್ಚಿ ತೋಳು ಚಾಚಿದ ಹುಡುಗಿಯರು ಮುಂದೆ ಹುಟ್ಟಲಿರುವ ತಮ್ಮ ಕೂಸುಗಳ ಕಣ್ಣುಗಳನ್ನು ಕಾಯ್ದುಕೊಂಡರು.

ಇನ್ನು ಕೆಲವು ಲಸಿಕೆಗಳನ್ನು ಬಸುರಿಯಿದ್ದಾಗಲೇ ಕೊಡುವರು. ತಾಯಿಯ ರಕ್ತದಲ್ಲಿ ಹುಟ್ಟಿದ ರೋಗನಿರೋಧಕ ದ್ರವ್ಯಗಳು ಮಾಸಿನ ಮೂಲಕ ಗರ್ಭದಲ್ಲಿಯ ಕೂಸನ್ನು ಸೇರಿ, ಹುಟ್ಟಿದ ಮೇಲೆ ಕೆಲವು ತಿಂಗಳು ಅದನ್ನು ಕಾಯುವವು. ಇನ್‌ಫ್ಲುಯೆಂಝಾ ಲಸಿಕೆಯನ್ನು ಆರು ತಿಂಗಳೊಳಗಿನ ಕೂಸಿಗೆ ಕೊಡುವಂತಿಲ್ಲ. ಆದಕಾರಣ ತಾಯಿಗೆ ಕೊಟ್ಟದ್ದೇ ಅದಕ್ಕೂ ಕವಚ. ಗರ್ಭಿಣಿಯರಿಗೆ ಈ ಲಸಿಕೆಯಲ್ಲಿ ಅಗ್ರಸ್ಥಾನ ಕೊಡಬೇಕೆಂದು ಜಾಗತಿಕ ಆರೋಗ್ಯ ಸಂಸ್ಥೆಯು 2012ರಲ್ಲಿ ತಿಳಿಸಿತು. ಕೋವಿಡ್ ಬೇನೆಯ ಲಸಿಕೆಯನ್ನು ನಮ್ಮ ಸರಕಾರವು 2021ರ ಜುಲೈಯಲ್ಲಿ ಗರ್ಭಿಣಿಯರಿಗೂ ತೆರೆಯಿತು. ಎಳೆಗೂಸುಗಳ ಶ್ವಾಸಕೋಶಕ್ಕೆ ಅತ್ಯಂತ ಹಾನಿ ಮಾಡುವ ಆರ್.ಎಸ್.ವಿ. ಎಂಬ ವಿಷಾಣುವಿಗೆ ಗರ್ಭಿಣಿಯರಿಗೆ ಕೊಡುವ ಲಸಿಕೆಯು 2023ರಲ್ಲಿ ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಮಂಜೂರಾಯಿತು.

ಮಾನ್ಯ ಪಾಲಕರೇ, ಪ್ರಿಯ ಭಗಿನಿಯರೇ, ಜೆನ್ನರನ ಜೀವನವು ಹೆಮ್ಮೆಯಿಂದ ಓದಿ ಮಡಿಚಿಡುವ ಕಥೆಯಲ್ಲ. ಮಗಳ ಮದುವೆಯ ಮಾತು ಬರುವ ಮೊದಲು ಅವಳಿಗೆ ಹಾಕಿಸಿದ ಲಸಿಕೆಗಳ ಲೆಕ್ಕವನ್ನು ನೋಡಿರಿ. ಸೊಸೆ ಬಸುರಿಯಾದರೆ ಯಾವ ಲಸಿಕೆ ಯಾವ ತಿಂಗಳಲ್ಲೆಂದು ವೈದ್ಯರನ್ನೂ ದಾದಿಯರನ್ನೂ ಕೇಳಿ ತಿಳಿದುಕೊಳ್ಳಿರಿ. ಕೂಸಿಗೆ 9ನೆಯ ತಿಂಗಳು ತುಂಬಿದೊಡನೆ ದಡಾರ-ರುಬೆಲ್ಲಾ ಲಸಿಕೆಯನ್ನೂ, 16ರಿಂದ 24ನೆಯ ತಿಂಗಳೊಳಗೆ ಎರಡನೆಯದನ್ನೂ ತಪ್ಪದೆ ಹಾಕಿಸಿರಿ. ಕೆಮ್ಮು ನೆಗಡಿಯಿದ್ದವರು ಎಳೆಗೂಸನ್ನು ಎತ್ತಿಕೊಳ್ಳದಿರಲಿ. ತಾಯಿ ತಂದೆಯಿಲ್ಲದೆ ಬೆಳೆದ ಒಬ್ಬ ಹಳ್ಳಿಯ ವೈದ್ಯನು ಪರರ ಮಕ್ಕಳಿಗಾಗಿ ಪಟ್ಟ ಶ್ರಮವು ನಮ್ಮ ತೊಟ್ಟಿಲುಗಳವರೆಗೂ ಬಂದು ಮುಟ್ಟಿದೆ. ಅದನ್ನು ಮುಂದಿನ ತೊಟ್ಟಿಲಿಗೆ ಮುಟ್ಟಿಸುವ ಕೆಲಸವು ನಮ್ಮದು.